ಮಗಳ ಬದಲಿಗೆ ಆಳು

ಮೈಸೂರಿಗೆ ಹತ್ತಿರದ ಆ ಹಳ್ಳಿಯಲ್ಲಿ ಮನೆಗಳ ಬಚ್ಚಲ ನೀರೆಲ್ಲ ಹರಿದು ಬಂದು ಕುಡಿಯುವ ಬಾವಿಯ ಪಕ್ಕದಲ್ಲೇ ನಿಲ್ಲುತ್ತಿತ್ತು. ಹೋದ ಮಳೆಗಾಲದಲ್ಲಿ ಆ ಕೊಚ್ಚೆ ಉಕ್ಕಿ ಬಾವಿಗೆ ಇಳಿಯಿತು. ಮನೆಮನೆಗೂ ವಾಂತಿಭೇದಿ. ಊರ ಹಿರಿಯ ಸಿದ್ದಮಲ್ಲಪ್ಪನವರ ಮೊಮ್ಮಗು ಉಳಿಯಲಿಲ್ಲ.

ಈ ಬೇಸಿಗೆ ರಜೆಯಲ್ಲಿ ಮೈಸೂರಿನ ಹೈಸ್ಕೂಲಿನ ಹುಡುಗಿಯರು ಶಿಬಿರಕ್ಕೆಂದು ಬಂದು ಊರಾಚೆಯ ಮಾವಿನ ತೋಪಿನಲ್ಲಿ ಡೇರೆ ಹಾಕಿದರು. ಮಳೆ ಬೀಳುವುದರೊಳಗೆ, ಬಾವಿಯಿಂದ ದೂರದಲ್ಲಿ ಇಂಗುಗುಂಡಿ ತೋಡಿ, ಕಲ್ಲು ತುಂಬಿ, ಬಚ್ಚಲ ನೀರನ್ನು ಅಲ್ಲಿಗೆ ತಿರುಗಿಸಬೇಕು. ಶ್ರಮದಾನದ ಕೆಲಸ.

ಮೊದಲು ಊರವರು ಜಗಲಿಯ ಮೇಲೆ ಕೂತು ನೋಡಿದರು. ಆಮೇಲೆ ಸಿದ್ದಮಲ್ಲಪ್ಪನವರೇ, "ಪ್ಯಾಟೆ ಮಕ್ಕಳು ಗುದ್ದಲಿ ಹಿಡಿದವ್ರೆ, ನಾವು ಕೂತಿರಾಕಾಯ್ತದಾ?" ಎಂದು ಎದ್ದರು. ಹಿಂದೆಯೇ ಊರೂ ಎದ್ದಿತು.

ಅಷ್ಟರಲ್ಲಿ ಬೆಟ್ಟಮ್ಮ ಬಂದಳು. ಮೈಸೂರಿನ ಲಕ್ಷ್ಮೀಪುರಂನ ಮಹದೇವಮ್ಮನವರ ಮನೆಗೆಲಸದವಳು. ಅವರ ಮಗಳು ಪ್ರೇಮಲೀಲಾಳ ಕೈಯಿಂದ ಗುದ್ದಲಿ ತೆಗೆದುಕೊಂಡಳು.

"ನೀವು ನೆರಳಲ್ಲಿ ಕೂತ್ಕಬೇಕಂತೆ. ನಿಮ್ಮ ಹೆಸರಲ್ಲಿ ನಾನು ಅಗೀಬೇಕಂತೆ. ಅವ್ವಾರು ಅಂದವ್ರೆ."

ಅಮ್ಮನಿಗೆ ಹೆದರಿ ಪ್ರೇಮಲೀಲಾ ಮರದಡಿ ಕೂತಳು. ಸುದ್ದಿ ಕೇಳಿದ ಬೇರೆ ತಾಯಂದಿರೂ ಆಳುಗಳನ್ನು ಕಳಿಸಿದರು. ಕಲ್ಲಿನ ಗಾಡಿ ಗೊತ್ತುಮಾಡಲು ಪೇಟೆಗೆ ಹೋಗಿದ್ದ ಟೀಚರ್ ಸರೋಜಮ್ಮ ಬಂದು ನೋಡುತ್ತಾರೆ: ಹುಡುಗಿಯರು ನೆರಳಲ್ಲಿ, ಆಳುಗಳು ಗುಂಡಿಯಲ್ಲಿ, ಊರವರು ಮತ್ತೆ ಜಗಲಿಯ ಮೇಲೆ!

"ಯಾಕ್ರೀ ಕೂತ್ರಿ?"

"ಕೂಲಿಯೋರು ಬಂದವ್ರಲ್ಲವ್ವ," ಎಂದರು ಸಿದ್ದಮಲ್ಲಪ್ಪ. "ಇದು ಕಂಟ್ರಾಕ್ಟು ಕೆಲಸ ಅಂತ ಕಾಣ್ತದೆ. ಅದಕ್ಕೆ ನಾವ್ಯಾಕೆ ಬಿಟ್ಟಿ ಮಾಡಾನ?"

ಮಧ್ಯಾಹ್ನ ಜಟಕಾದಲ್ಲಿ ಚಕ್ಕುಲಿ ಡಬ್ಬಿಯೊಂದಿಗೆ ಮಹದೇವಮ್ಮ ಇಳಿದರು. ಸರೋಜಮ್ಮನಿಗೆ ರೇಗಿಹೋಗಿತ್ತು.

"ಏನ್ರೀ ಇದು, ಮಹದೇವಮ್ಮನೋರೆ?"

"ಯಾಕೆ ಟೀಚರಮ್ಮ? ಕೆಲಸ ಆದ್ರೆ ಸರಿ ತಾನೆ? ನಂಜನಗೂಡಲ್ಲಿ ಅರ್ಚಕರು ನಮ್ಮ ಹೆಸರಲ್ಲಿ ಅಭಿಷೇಕ ಮಾಡ್ತಾರೆ. ಪುಣ್ಯ ನಮಗೇ ಅಲ್ವಾ?"

"ಮಗಳಿಗೆ ಜ್ವರ ಬಂದ್ರೆ ಔಷಧಿ ಬೆಟ್ಟಮ್ಮನಿಗೆ ಕುಡಿಸ್ತೀರಾ? ಪರೀಕ್ಷೆಗೂ ಅವಳನ್ನೇ ಕೂರಿಸ್ತೀರಾ?"

"ಅಯ್ಯೋ, ಪರೀಕ್ಷೆ ಒಂದು ಬ್ಯಾಡ ಬುಡಿ!" ಎಂದಳು ಬೆಟ್ಟಮ್ಮ ಗುಂಡಿಯೊಳಗಿಂದ.

"ನಿಮಗೆ ತಮಾಷೆ," ಎಂದು ಮಹದೇವಮ್ಮ ಮಗಳ ಕಡೆ ತೋರಿಸಿದರು. "ಇವಳ ಕೈ ನೋಡ್ರೀ, ಬೊಬ್ಬೆ! ಮುಖ ನೋಡಿ, ಕಪ್ಪಾಗಿದಾಳೆ. ನಾಳೆ ಗಂಡಿನ ಕಡೆಯವರು ಬಂದ್ರೆ ಏನು ಹೇಳ್ಲಿ?"

"ಬಿಸಿಲಿನ ಕಪ್ಪು ಹೋಗುತ್ತೆ ಕಣ್ರೀ. ನಿಮ್ಮ ಮಗಳು ಅಗೆದಾಗ ಊರೇ ಎದ್ದು ಬಂದಿತ್ತು. ಆಳು ಬಂದ ಕೂಡಲೇ ಎಲ್ಲರೂ ಕೂತುಬಿಟ್ರು. ಕೂಲಿಯವರು ತೋಡಿದ ಗುಂಡಿ ಕಟ್ಟಿಕೊಂಡರೆ ನಾಳೆ ಯಾರು ಕ್ಲೀನ್ ಮಾಡ್ತಾರೆ? ತಾವೇ ತೋಡಿದ್ದಾದರೆ ತಾವೇ ನೋಡಿಕೊಳ್ತಾರೆ."

ಮಹದೇವಮ್ಮ ಒಪ್ಪುವ ಹಾಗೆ ಕಾಣಲಿಲ್ಲ. ಮಗಳನ್ನು ಮನೆಗೇ ಕರೆದೊಯ್ಯುವುದೆಂದು, ಅವಳ ಹಾಸಿಗೆ ಸುತ್ತಿಸಲು ಡೇರೆಯ ಕಡೆ ಹೊರಟರು. ಆಗ ಸಿದ್ದಮಲ್ಲಪ್ಪನವರ ಸೊಸೆ ಬೆಲ್ಲದ ತಟ್ಟೆ, ನೀರಿನ ಚೊಂಬು ಹಿಡಿದು ಬಂದಳು.

"ಬಿಸಿಲಲ್ಲಿ ಬಂದಿದ್ದೀರ. ದಣಿವಾರಿಸ್ಕಳಿ."

ಮಹದೇವಮ್ಮ ಚೊಂಬು ತೆಗೆದುಕೊಂಡರು. ಬಾವಿಯ ಕಡೆ ನೋಡಿದರು. ಪಕ್ಕದಲ್ಲಿ ನೊಣ ಮುತ್ತಿದ ಕೊಚ್ಚೆ. ಚೊಂಬು ತುಟಿಯವರೆಗೆ ಹೋಗಿ ನಿಂತಿತು. ಕುಡಿಯಲಾಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ.

"ನಾವು ದಿನಾ ಇದ್ನೇ ಕುಡಿಯಾದು," ಎಂದಳು ಆ ಸೊಸೆ. ಮಗು ಕಳೆದುಕೊಂಡವಳು ಅವಳೇ.

ಮಹದೇವಮ್ಮ ಚೊಂಬು ಕೆಳಗಿಟ್ಟು ಮಗಳ ಕಡೆ ತಿರುಗಿದರು. ಆಮೇಲೆ ಗದರಿದರು, "ಏ ಪ್ರೇಮಾ, ನೆರಳಲ್ಲಿ ಏನೇ ಮಾಡ್ತಿದ್ದೀಯ? ಎದ್ದು ಬಾ, ಗುದ್ದಲಿ ಹಿಡಿ. ಬೆಟ್ಟಮ್ಮ, ನೀನು ಮನೆಗೆ ನಡಿ. ಮಿಕ್ಕವರ ಮನೆಗೂ ಹೇಳು, ಆಳುಗಳನ್ನ ಕರೆಸ್ಕೊಳ್ಳಲಿ."

ಪ್ರೇಮಲೀಲಾ ಅಮ್ಮ ಮಾತು ಮುಗಿಸುವ ಮೊದಲೇ ಗುಂಡಿಗೆ ಇಳಿದಿದ್ದಳು. ಉಳಿದ ಹುಡುಗಿಯರೂ ಇಳಿದರು. ಸಿದ್ದಮಲ್ಲಪ್ಪ ಟವೆಲು ಕೊಡವಿ, "ಏಳ್ರಲಾ, ಇನ್ನೂ ಏನು ನೋಡ್ತೀರಿ?" ಎಂದರು. ಮಳೆಗೆ ಮುಂಚೆ ಗುಂಡಿ ಮುಗಿಯಿತು, ಬಾವಿಯ ಪಕ್ಕ ನೆಲ ಒಣಗಿತು.

ತಾಯಂದಿರೇ, ಮಕ್ಕಳು ಬೇಸಿಗೆ ಶಿಬಿರಕ್ಕೆ ಹೊರಟರೆ ನಿಮಗೆ ಭಯವಾಗುವುದು ಸಹಜ. ತಲೆಗೊಂದು ವಸ್ತ್ರ ಕೊಡಿ, ಕಾಯಿಸಿ ಆರಿಸಿದ ನೀರು ಕೊಡಿ, ಬೊಬ್ಬೆಗೆ ಹಚ್ಚಲು ಕೊಬ್ಬರಿ ಎಣ್ಣೆ ಕೊಡಿ. ದಯವಿಟ್ಟು ಆಳನ್ನು ಮಾತ್ರ ಕೊಡಬೇಡಿ. ನಿಮ್ಮ ಮಗುವಿನ ಕೈಯಲ್ಲಿ ಗುದ್ದಲಿ ಕಂಡರೇ ಊರು ಏಳುವುದು.