ಮಣ್ಣು ಮುಚ್ಚಿದ ಒಲೆ

ಹರಪನಹಳ್ಳಿಯಿಂದ ಉಜ್ಜಿನಿ ಜಾತ್ರೆಗೆ ಕಾಲ್ನಡಿಗೆಯಲ್ಲಿ ಹೊರಟವರು ರಾತ್ರಿ ಹೊಲದಂಚಿನ ಹುಣಸೆಮರದ ಕೆಳಗೆ ತಂಗಿದ್ದರು. ಬೆಳಿಗ್ಗೆ ಮೂರು ಕಲ್ಲಿನ ಒಲೆ ಹೂಡಿ ಉಪ್ಪಿಟ್ಟು ಮಾಡಿ ತಿಂದರು. ಉಳಿದವರೆಲ್ಲ ದಾರಿ ಹಿಡಿದ ಮೇಲೆ, ಸೊಸೆ ಗೀತಾಂಜಲಿ ಕೊಡ ಎತ್ತಿಕೊಂಡು ಒಲೆಯ ಕಡೆ ಬಂದಳು.

"ಕುಡಿಯೋ ನೀರು ಅದು," ಅಂದರು ಅತ್ತೆ ಪುಷ್ಪಲತಾ. "ಮುಂದೆ ಬಾವಿ ಎಲ್ಲೈತೋ ಏನೋ. ಮಣ್ಣು ಮುಚ್ಚು, ಸಾಕು."

"ಒಳಗ ಕೆಂಡ ಇರ್ತಾವ್ರಿ ಅತ್ತಿ."

"ನನಗ ಒಲಿ ಆರಿಸೋದು ಕಲಿಸ್ತೀಯೇನು?"

ಗೀತಾಂಜಲಿ ಕಾಲಿಂದ ಮಣ್ಣು ದೂಡಿ ಮುಚ್ಚಿದಳು.

ಗಾಳಿ ಎದ್ದಿತ್ತು. ಹಳ್ಳ ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು. ತಿರುಗಿ ನೋಡಿದರೆ ಹುಣಸೆಮರದ ಪಕ್ಕದಲ್ಲೇ ಹೊಗೆ. ಎಲ್ಲರೂ ಓಡಿದರು. ಬದುವಿನ ಒಣಹುಲ್ಲು ಹಿಡಿದ ಬೆಂಕಿ ಮೇವಿನ ಬಣವೆಗೆ ಹತ್ತಿತ್ತು. ಗಂಡಸರು ಬೇವಿನ ಹಸಿ ಟೊಂಗೆ ಮುರಿದು ಬಡಿದರು. ಬಣವೆ ಉಳಿಯಲಿಲ್ಲ. ಅಲ್ಲೇ ಕಟ್ಟಿದ್ದ ಕರುವನ್ನು ಬಿಡಿಸಲು ಹೋಗಿ ಹೊಲದ ಒಡತಿ ದ್ಯಾಮಕ್ಕನ ಮುಂಗೈ ಸುಟ್ಟಿತ್ತು.

ಪುಷ್ಪಲತಾ ಅವರ ಮಗ ಗುರುಬಸವರಾಜ ಹೆಂಡತಿ ಗೀತಾಂಜಲಿಯ ಕಡೆ ತಿರುಗಿದ. "ಕೊನಿಗೆ ಒಲಿ ಹತ್ರ ಇದ್ದಾಕಿ ನೀನ. ನೀರು ಹಾಕಾಕ ಏನಾಗಿತ್ತು ನಿನಗ?"

ಗೀತಾಂಜಲಿ ಅತ್ತೆಯ ಮುಖ ನೋಡಿದಳು. ಪುಷ್ಪಲತಾ ಬಗ್ಗಿ ದ್ಯಾಮಕ್ಕನ ಕೈಗೆ ನೀರು ಹನಿಸತೊಡಗಿದರು. ಹೇಳಬೇಕೆಂದುಕೊಂಡರು. ಸುತ್ತ ನಿಂತವರೆಲ್ಲ ತಮ್ಮನ್ನು ಹಿರಿಯರೆಂದು ನಂಬಿ ಹಿಂದೆ ಬಂದವರು. ನಾಲಿಗೆ ಏಳಲಿಲ್ಲ.

"ಅಷ್ಟೂ ತಿಳಿಲಿಲ್ಲೇನವ್ವ ನಿನಗ?" ಅಂದಳು ದ್ಯಾಮಕ್ಕ, ನೋವಿಗೆ ಹಲ್ಲು ಕಚ್ಚಿ.

"ತಪ್ಪಾತಬೇ," ಅಂದಳು ಗೀತಾಂಜಲಿ.

ಆ ಮಾತು ಕೇಳಿ ಪುಷ್ಪಲತಾ ಅವರಿಗೆ ತಡೆಯಲಾಗಲಿಲ್ಲ. "ಆಕಿದೇನೂ ತಪ್ಪಿಲ್ಲ. ನೀರು ತಂದಿದ್ಲು. ನಾನ ಬ್ಯಾಡ ಅಂದೆ."

ಗುರುಬಸವರಾಜ ಕೈಯಲ್ಲಿದ್ದ ಟೊಂಗೆ ಕೆಳಗಿಟ್ಟು, ತಾಯಿಯನ್ನೂ ಹೆಂಡತಿಯನ್ನೂ ನೋಡಲಾಗದೆ ಕರುವಿನ ಹತ್ತಿರ ಹೋಗಿ ನಿಂತ. ನಾಳೆ ಮನೆಯಿಂದ ಗಾಡಿ ತುಂಬ ಮೇವು ಕಳಿಸುವುದಾಗಿ ಪುಷ್ಪಲತಾ ಹೇಳಿದಾಗ ದ್ಯಾಮಕ್ಕ ಹೂಂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ.

ಉಳಿದವರು ಉಜ್ಜಿನಿಗೆ ನಡೆದರು. ಅತ್ತೆ ಸೊಸೆ ದ್ಯಾಮಕ್ಕನನ್ನು ಕರೆದುಕೊಂಡು ಕೊಟ್ಟೂರಿನ ದವಾಖಾನೆಗೆ ಬಸ್ಸು ಹತ್ತಿದರು. ಬಸ್ಸಿನಲ್ಲಿ ಗೀತಾಂಜಲಿ ಮೆಲ್ಲಗೆ ಕೇಳಿದಳು: "ಅವರು ನನ್ನ ಬೈಯುವಾಗ ಸುಮ್ಮನಿದ್ರಲ್ರಿ, ಯಾಕ?"

"ನಾಚಿಕಿ ಆತು ಗೀತಾ," ಅಂದರು ಪುಷ್ಪಲತಾ. "ಈಗ ಅದಕ್ಕಿಂತ ಜಾಸ್ತಿ ಆಗಾಕತ್ತೈತಿ."

ಸೊಸೆ ದ್ಯಾಮಕ್ಕನ ಕೈಯ ಒದ್ದೆ ಬಟ್ಟೆ ಸರಿಮಾಡಿದಳು.