ಅಳೆಯದೆ ಕೊಡದ ಮೀಟರಣ್ಣ

ನಾನು ಸುಟ್ಟ ಸಾಮಾನಿಗೆ ನನ್ನನ್ನು ಬೈಯದೆ, ತನ್ನ ಮನೆಯದನ್ನೇ ಕಿತ್ತುಕೊಟ್ಟವನು ಮೀಟರಣ್ಣ. ಅದಕ್ಕೇ ಅವನ ವಿಷಯ ಹೇಳಬೇಕು. ಬರೆದು ನನಗೆ ರೂಢಿಯಿಲ್ಲ. ಲೇತಿನಲ್ಲಿ ಕಬ್ಬಿಣ ಕಡೆಯುವವನು ನಾನು.

ಅವನದು ರೇಡಿಯೋ ರಿಪೇರಿ. ಬೇಸಿಗೆಯಲ್ಲೂ ದಪ್ಪ ಕೋಟು. ಅದರ ಜೇಬಿನಿಂದ ಕರೆಂಟ್ ಅಳೆಯುವ ಮೀಟರಿನ ಕೆಂಪು, ಕಪ್ಪು ವೈರುಗಳು ಇಣುಕುತ್ತಿರುತ್ತವೆ. ಜೇಬಿನ ಮೇಲೆ ಕೈಯಿಟ್ಟು, ತುಂಬಿದ ಲೋಟ ಹಿಡಿದವನ ಹಾಗೆ ನಡೆಯುತ್ತಾನೆ. ಯಾವುದಕ್ಕೂ ಮೊದಲು “ತಾಳು” ಅನ್ನುತ್ತಾನೆ.

“ಹೊಸ ಬ್ಯಾಟರಿ ಶೆಲ್ಲನ್ನೂ ಅಳೀತೀಯಲ್ಲಣ್ಣ, ಅಂಗಡಿಯವನ ಮೇಲೆ ಅಷ್ಟು ಅನುಮಾನವಾ?” ಎಂದು ಒಮ್ಮೆ ಕೆಣಕಿದ್ದೆ.

“ಅವನ ಮೇಲಲ್ಲ, ನನ್ನ ಆತುರದ ಮೇಲೆ.”

ಅಮ್ಮನಿಗೆ ಲಕ್ವ ಹೊಡೆದು ದನಿ ಕುಗ್ಗಿತು. ಹಿತ್ತಲ ಶೆಡ್ಡಿನಲ್ಲಿ ಲೇತಿನ ಸದ್ದು. ಅವಳು ಕರೆದರೆ ನನಗೆ ಕೇಳದು. ಮೀಟರಣ್ಣ ಅವಳ ಕೈಗೊಂದು ಗುಂಡಿ ಮಾಡಿಕೊಟ್ಟ. ಒತ್ತಿದರೆ ಲೇತಿನ ಮೇಲೆ ಕೆಂಪು ದೀಪ ಹತ್ತಬೇಕು. ಸುದ್ದಿ ಮುಟ್ಟಿಸುವುದು ಮಂಚದ ಪಕ್ಕದ ಡಬ್ಬಿಯೊಳಗಿನ, ಉಗುರಿನಷ್ಟು ಒಂದು ವೈರ್‌ಲೆಸ್ ಮಾಡ್ಯೂಲು, ಅದಕ್ಕೆ ಕರೆಂಟು ಫೋನ್ ಚಾರ್ಜರಿನ ಯುಎಸ್‌ಬಿ ವೈರಿನಿಂದ. ವೈರಿನಲ್ಲಿ ಬರುವುದು ಐದು ವೋಲ್ಟು, ಮಾಡ್ಯೂಲು ತಡೆಯುವುದು ಮೂರು ಚಿಲ್ಲರೆ. ಇಳಿಸಿಕೊಡಲು ನಡುವೆ ಮೂರು ಕಾಲಿನ ಸಣ್ಣ ಸಾಮಾನೊಂದನ್ನು ಬೆಸೆದಿದ್ದ.

ಒಂದು ಬೆಳಿಗ್ಗೆ ದೀಪ ಮಿಣುಕಾಡಿತು. ಡಬ್ಬಿ ಬಿಚ್ಚಿ ಮುಟ್ಟಿದರೆ ಆ ಮೂರು ಕಾಲಿನದು ಬಿಸಿ. ಕರೆಂಟು ತಿನ್ನುವುದು ಇದೇ ಅಂದುಕೊಂಡೆ. ಮೀಟರಣ್ಣನ ಅಂಗಡಿ ಎರಡೇ ಬೀದಿ ಆಚೆ. ಹೋಗಲಿಲ್ಲ. ಅದನ್ನು ಕಿತ್ತು ಚಾರ್ಜರಿನ ಕೆಂಪು ವೈರನ್ನು ನೇರ ಮಾಡ್ಯೂಲಿಗೆ ಸೇರಿಸಿದೆ. ಅಮ್ಮನಿಗೆ ಒತ್ತಲು ಹೇಳಿ ಶೆಡ್ಡಿಗೆ ಓಡಿದರೆ ದೀಪ ಚೆನ್ನಾಗಿ ಹತ್ತಿತ್ತು. ಹೆಮ್ಮೆಯೂ ಆಯಿತು.

ಆಮೇಲೆ ಅದು ಹತ್ತಲಿಲ್ಲ. ಅಮ್ಮ ಮಲಗಿದ್ದಾಳೆ ಅಂದುಕೊಂಡೆ. ಊಟಕ್ಕೆ ಒಳಗೆ ಹೋದಾಗ ಅವಳು ಮಂಚದಿಂದ ನೆಲಕ್ಕೆ ಬಿದ್ದಿದ್ದಳು, ಗುಂಡಿಯನ್ನು ಇನ್ನೂ ಒತ್ತುತ್ತಲೇ ಇದ್ದಳು.

“ಕೆಲಸ ಜಾಸ್ತಿ ಇತ್ತೇನೋ ಮಗಾ,” ಅಂದಳು.

ಕರೆದೊಡನೆ ಬಂದ ಮೀಟರಣ್ಣ ಡಬ್ಬಿ ಮೂಸಿ ನೋಡಿದ, ಅಳೆದ.

“ನೇರ ಕೊಟ್ಟೆಯಾ?”

“ಹೂಂ.”

“ಮಾಡ್ಯೂಲು ಸುಟ್ಟಿದೆ. ದೀಪ ಮಿಣುಕಿದ್ದು ಚಾರ್ಜರ್ ಪಿನ್ನು ಸಡಿಲ ಆಗಿ, ಅಷ್ಟೇ. ಬಿಸಿಯಾಗೋದೇ ಈ ಮೂರು ಕಾಲಿನದರ ಕೆಲಸ ಕಣೋ. ಹೆಚ್ಚಿಗೆ ಬಂದಿದ್ದನ್ನ ತನ್ನ ಮೈಮೇಲೆ ಹಾಕ್ಕೊಳ್ಳುತ್ತೆ.”

ನಾನು ಕಿತ್ತಿದ್ದನ್ನು ಮತ್ತೆ ಬೆಸೆದ. ಸಂಜೆಯೊಳಗೆ ಬೇರೆ ಮಾಡ್ಯೂಲು ಹಾಕಿಕೊಟ್ಟ.

ವಾರದ ಮೇಲೆ ಅವನ ಮನೆಗೆ ಹೋದೆ. ಮುಚ್ಚಿದ ಬಾಗಿಲ ಮುಂದೆ, ಮೆಟ್ಟಿಲ ಮೇಲೆ ಕೋಟು ಹಾಕಿಕೊಂಡು ಕೂತಿದ್ದ. ಅವನ ಹೆಂಡತಿಗೆ, ಅಂದರೆ ನಮ್ಮ ಅತ್ತಿಗೆಗೆ, ಕಿವಿ ಕೇಳಿಸದು. ಬಾಗಿಲಲ್ಲಿ ಗುಂಡಿ ಒತ್ತಿದರೆ ಅಡುಗೆಮನೆಯಲ್ಲಿ ದೀಪ ಹತ್ತುವಂತೆ ಅವನೇ ಮಾಡಿದ್ದ. ಈಗ ಆ ಗುಂಡಿಯ ಡಬ್ಬಿ ಬರಿದಾಗಿತ್ತು.

“ನಿನ್ನದನ್ನೇ ಕಿತ್ತೆಯಾ ಅಣ್ಣ?”

“ತಾಳು. ಅವಳು ಹೊರಗೆ ನೋಡೇ ನೋಡ್ತಾಳೆ. ನಾನು ಕೂತಿರಬಲ್ಲೆ, ನಿಮ್ಮಮ್ಮ ಬಿದ್ದಿರೋಕಾಗುತ್ತಾ?”

ಹೊಸದು ತರಿಸಿಕೊಟ್ಟೆ. ಅದೂ ಇನ್ಯಾರದೋ ಮನೆಗೆ ಹೋಯಿತು. ಆ ಮೂರು ಕಾಲಿನದರ ಹಾಗೆ ನಡುವೆ ನಿಂತು ಕಾಯುವವರು ಇಂಥವರು. ಅವರಿಂದಲೇ ನಮ್ಮ ದೀಪ ಹತ್ತುತ್ತಿದೆ ಎಂದು ಕಿತ್ತ ಮೇಲೆಯೇ ನಮಗೆ ತಿಳಿಯುವುದು.

ನೀವೂ ಒಮ್ಮೆ ಹೋಗಿ ಅವನನ್ನು ನೋಡಿ. ಮೆಟ್ಟಿಲ ಮೇಲೆ ಕೂತಿದ್ದರೆ ಬಾಗಿಲು ಬಡಿಯಬೇಡಿ. ಪಕ್ಕದ ಓಣಿಯಿಂದ ಅಡುಗೆಮನೆ ಕಿಟಕಿಗೆ ಹೋಗಿ ಕೈಬೀಸಿ. ಅತ್ತಿಗೆ ನೋಡುತ್ತಾರೆ.