‘ಓದಿ ತಿಳಿದುಕೊಂಡೆ’ ಎಂಬ ಮೊಹರು

ದೊಡ್ಡ ಮೇಷ್ಟ್ರ ಮೇಜಿನ ಮೇಲೆ ಒಂದು ರಬ್ಬರ್ ಮೊಹರಿದೆ. ಒತ್ತಿದರೆ ‘ಓದಿ ತಿಳಿದುಕೊಂಡೆ’ ಅಂತ ನೀಲಿ ಅಕ್ಷರದಲ್ಲಿ ಬೀಳುತ್ತದೆ. ಯಾವ ಸುತ್ತೋಲೆ ಬಂದರೂ ಮುಖ್ಯೋಪಾಧ್ಯಾಯರು ಅದರ ಕೆಳಗೆ ಈ ಮಾತು ಬರೆದು ಸಹಿ ಹಾಕಬೇಕು ಅನ್ನುವುದು ನಮ್ಮ ಶಿಕ್ಷಣ ಕಚೇರಿಯ ನಿಯಮ. ಬರೆದು ಬರೆದು ಬೆರಳು ನೋಯುತ್ತದೆ ಅಂತ ಮೇಷ್ಟ್ರು ಮೊಹರು ಮಾಡಿಸಿಕೊಂಡರು. ಓದಿ ಓದಿ ಕಣ್ಣು ನೋಯುತ್ತದೆ ಅಂತ ಅವರು ಯಾವತ್ತೂ ಹೇಳಿದ್ದಿಲ್ಲ.

ನಾನು ಆ ಕಚೇರಿಯ ಟಪಾಲಿನವನು. ಹನ್ನೊಂದು ಶಾಲೆ, ಒಂದು ಸೈಕಲ್ಲು, ಒಂದು ಖಾಕಿ ಚೀಲ. ತರಬೇತಿ ಯಾವತ್ತು, ಹೊಸ ನಿಯಮ ಏನು, ಮಕ್ಕಳ ಕ್ಷೇಮಕ್ಕೆ ಏನೇನು ಮಾಡಬೇಕು ಅಂತ ಶಾಲೆಗಳಿಗೆ ತಿಳಿಸುವುದು ಕಚೇರಿಯ ಕೆಲಸ. ತಿಳಿಸಿದ್ದಕ್ಕೆ ಸಾಕ್ಷಿ ತರುವುದು ನನ್ನ ಕೆಲಸ. ಒಂಬತ್ತನೇ ಕ್ಲಾಸಿಗೇ ಓದು ಬಿಟ್ಟವನಾದರೂ ಹೊತ್ತ ಕಾಗದವನ್ನೆಲ್ಲ ನಾನು ಓದುತ್ತೇನೆ. ರೈಲ್ವೆ ಗೇಟು ಹಾಕಿದಾಗ ಒಂದು ಕಾಲೂರಿ ನಿಂತವನು ಇನ್ನೇನು ಮಾಡಬೇಕು? ಹೀಗಾಗಿ ಹನ್ನೊಂದು ಶಾಲೆಗೆ ಸೇರಿ ಎಲ್ಲ ಸುತ್ತೋಲೆ ಓದಿರುವವನು ನಾನೊಬ್ಬನೇ. ಜಾರಿಗೆ ತರೋಣವೆಂದರೆ ನನಗೆ ಶಾಲೆಯೇ ಇಲ್ಲ.

ಮೇಷ್ಟ್ರು ಕೆಟ್ಟವರಲ್ಲ. ನನಗೆ ಮೈ ಉರಿಯುವುದೇ ಅದಕ್ಕೆ. ಕೆಟ್ಟವರಾಗಿದ್ದರೆ ಮನಸ್ಸಿನಲ್ಲೇ ನಾಲ್ಕು ಬೈದು ಸೈಕಲ್ ಹತ್ತಬಹುದಿತ್ತು. ಇವರು ನೋಡಿದ ಕೂಡಲೇ, “ಬಾರಪ್ಪಾ, ಬಿಸಿಲಲ್ಲಿ ಬಂದಿದ್ದೀಯ, ಟೀ ಕುಡಿ” ಅನ್ನುತ್ತಾರೆ. ಎಡಗೈಯಲ್ಲಿ ಲೋಟ, ಬಲಗೈಯಲ್ಲಿ ಮೊಹರು, ಮುಖ ಕಿಟಕಿಯ ಕಡೆ. ಠಪ್, ಠಪ್, ಠಪ್. ಪಕ್ಕದಲ್ಲಿ ಒಂದು ಗೀಟು ಎಳೆದರೆ ಸಹಿ.

ನಾನು ಓದಿದ್ದು ಇವರ ಶಾಲೆಯಲ್ಲೇ. ಒಂಬತ್ತು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಒಂದು ಅರ್ಜಿ ಇಟ್ಟಿದ್ದೆ. ತಡವಾಗಿ ಬಂದೆ ಅಂತ ಗಣಿತದ ಮೇಷ್ಟ್ರು ಮೂರು ದಿನ ಬಾಗಿಲ ಹೊರಗೆ ನಿಲ್ಲಿಸಿದ್ದರು. ಸಿಟ್ಟು ನೆತ್ತಿಗೇರಿ ‘ನನಗೆ ಶಾಲೆ ಬೇಡ’ ಅಂತ ಬರೆದು, ಅಪ್ಪನ ಸಹಿಯನ್ನೂ ನಾನೇ ಹಾಕಿದ್ದೆ. ದೊಡ್ಡ ಮೇಷ್ಟ್ರು ತಲೆ ಎತ್ತಿ “ಯಾಕೋ?” ಅನ್ನುತ್ತಾರೆ, ಅಂದರೆ ಸಾಕು, ಎಲ್ಲ ಹೇಳಿ ಅತ್ತು ಅರ್ಜಿ ವಾಪಸ್ ತಗೊಳ್ಳಬೇಕು ಅಂತ ಅಂದುಕೊಂಡಿದ್ದೆ. ಅವರು ತಲೆ ಎತ್ತಲಿಲ್ಲ. ಆಗ ಮೊಹರಿರಲಿಲ್ಲ, ಪೆನ್ನಿತ್ತು. ಅಷ್ಟೇ ವ್ಯತ್ಯಾಸ.

ಈಗ ಆ ಶಾಲೆಯಲ್ಲಿ ನನ್ನ ಅಕ್ಕನ ಮಗಳು ಆರನೇ ಕ್ಲಾಸು. ಸಣ್ಣಗೆ, ಚೂಪಾಗಿ ಇದ್ದಾಳೆ ಅಂತ ಮನೆಯಲ್ಲಿ ಎಲ್ಲರೂ ಗುಂಡುಸೂಜಿ ಅನ್ನುತ್ತೇವೆ. ಗುರುವಾರ ಸಂಜೆ ನಾನು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

“ಮಾವಾ, ನಿನ್ನ ಚೀಲದಲ್ಲಿ ಜಾಗ ಇದೆಯಾ?”

“ನಿನ್ನನ್ನ ಹಾಕಿಕೊಂಡು ಹೋಗೋಷ್ಟಿಲ್ಲ.”

“ಒಂದು ಕಾಗದಕ್ಕೆ. ನಾಳೆ ದೊಡ್ಡ ಮೇಷ್ಟ್ರಿಗೆ ಕೊಡು.”

ಬಿಚ್ಚಿ ನೋಡಿದೆ. ‘ಪೂಜ್ಯರೇ, ಸೋಮವಾರದಿಂದ ನಾನು ಶಾಲೆಗೆ ಬರುವುದಿಲ್ಲ. ದಯವಿಟ್ಟು ಒಪ್ಪಿಗೆ ಕೊಡಬೇಕು. ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ.’

“ಶಾಲೆ ಬಿಡೋಳು ವಿಧೇಯ ಹೇಗಾಗ್ತೀಯೇ?”

“ಹಾಗೇ ಬರೀಬೇಕು ಅಂತ ಟೀಚರ್ ಹೇಳಿಕೊಟ್ಟಿದ್ದಾರೆ.”

ನಗಬೇಕು ಅಂದುಕೊಂಡೆ, ಆಗಲಿಲ್ಲ. ಈ ಕಾಗದ ಆ ಮೇಜಿನ ಮೇಲೆ ಇಟ್ಟರೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಠಪ್. ಆಮೇಲೆ ಇವಳೂ ನನ್ನ ಹಾಗೆ ಹೊರಗೆ.

“ಯಾಕೆ?” ಅಂದೆ.

ಚೈನಿನ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು, ನೆಲಕ್ಕೆ ಒರೆಸಿ, ಹೇಳಿದಳು. ಹುಡುಗಿಯರ ಶೌಚಾಲಯಕ್ಕೆ ಇರುವುದೊಂದೇ ಬಾಗಿಲು. ಅದಕ್ಕೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದುಕೊಳ್ಳಬೇಕು. ಇವಳ ಬಾಗಿಲು ಹಿಡಿಯುತ್ತಿದ್ದ ಗೆಳತಿ ಹೋದ ತಿಂಗಳು ಬೇರೆ ಊರಿಗೆ ಹೋದಳು. ಆಮೇಲೆ ಒಂದು ದಿನ ಹುಡುಗರು ಬಾಗಿಲು ತಳ್ಳಿ ಓಡಿಹೋದರಂತೆ. ಅವತ್ತಿನಿಂದ ಇವಳು ಶಾಲೆಯಲ್ಲಿ ನೀರೇ ಕುಡಿಯುವುದಿಲ್ಲ.

“ಇನ್ನು ನನ್ನ ಬಾಗಿಲು ಹಿಡಿಯೋರು ಯಾರು?” ಅಂದಳು.

ಅವಳ ನೀರಿನ ಬಾಟಲಿ ದಿನಾ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ನನ್ನ ಅಕ್ಕ ಅದನ್ನು ಕಿಟಕಿಯ ಕುಂಡದ ಗಿಡಕ್ಕೆ ಹುಯ್ದು, “ನೋಡೋ, ನನ್ನ ಮಗಳು ಒಂದು ತೊಟ್ಟು ದಂಡ ಮಾಡಲ್ಲ” ಅಂತ ನನ್ನ ಮುಂದೆ ಹೆಮ್ಮೆ ಪಡುತ್ತಿದ್ದಳು. ಗಿಡವೇನೋ ಸೊಂಪಾಗಿತ್ತು.

ಚಿಲಕದ ವಿಷಯ ಹದಿನೇಳನೇ ನಂಬರಿನ ಸುತ್ತೋಲೆ. ಹದಿನೈದು ದಿನದೊಳಗೆ ಚಿಲಕ ಹಾಕಿಸತಕ್ಕದ್ದು, ಮುಖ್ಯೋಪಾಧ್ಯಾಯರು ಸ್ವತಃ ಹೋಗಿ ನೋಡತಕ್ಕದ್ದು. ಅದನ್ನು ನಾನೇ ಕೊಟ್ಟಿದ್ದೆ. ಆಮೇಲೆ ಅದರ ಜ್ಞಾಪನ ಕೊಟ್ಟೆ. ಜ್ಞಾಪನದ ಜ್ಞಾಪನವನ್ನೂ ಕೊಟ್ಟೆ. ಮೂರಕ್ಕೂ ಮೊಹರು ಬಿದ್ದಿತ್ತು. ಮೂರು ಸಲವೂ ಟೀ ಕುಡಿದು ಬಂದಿದ್ದೆ, ನಾಚಿಕೆಗೆಟ್ಟವನು.

ಅವಳ ಅರ್ಜಿಯನ್ನು ಜೇಬಿಗೆ ಹಾಕಿಕೊಂಡೆ. ಅವಳ ನೋಟ್‌ಬುಕ್ಕಿನಿಂದಲೇ ಒಂದು ಹಾಳೆ ಕಿತ್ತು ನಾನೊಂದು ಬರೆದೆ. ನಂಬರಿಲ್ಲ, ಕಚೇರಿಯ ಹೆಸರಿಲ್ಲ. ಕಳ್ಳ ಸುತ್ತೋಲೆ ಅಂತ ಯಾರೂ ಅನ್ನಬಾರದು ನೋಡಿ. ‘ಮಕ್ಕಳ ಶೌಚಾಲಯಕ್ಕೆ ಚಿಲಕ ಇಲ್ಲದ ಕಾರಣ, ನನ್ನ ಸ್ವಂತ ಶೌಚಾಲಯದ ಚಿಲಕ ಬಿಚ್ಚಿ ಅಲ್ಲಿಗೆ ಹಾಕಲು ಒಪ್ಪಿದ್ದೇನೆ. ಈ ಕಾಗದ ತಂದವನೇ ಬಿಚ್ಚತಕ್ಕದ್ದು.’ ಒಂದು ಸಲ ಕಣ್ಣು ಹಾಯಿಸಿದರೂ ನಾನು ಸಿಕ್ಕಿಬೀಳುತ್ತಿದ್ದೆ. ಸಿಕ್ಕಿಬೀಳಲಿ ಅಂತಲೇ ನನ್ನ ಆಸೆ.

ಶುಕ್ರವಾರ ಕಟ್ಟಿನಲ್ಲಿ ಐದು ಸುತ್ತೋಲೆ ಇದ್ದವು. ನನ್ನದನ್ನು ನಡುವೆ ಸೇರಿಸಿದೆ.

“ಬಾರಪ್ಪಾ, ಟೀ ಕುಡಿ.”

ಠಪ್, ಠಪ್, ಠಪ್. ನನ್ನದಕ್ಕೂ ಬಿತ್ತು, ಸ್ವಲ್ಪ ಜೋರಾಗಿಯೇ. ಟೀ ಲೋಟ ಮುಟ್ಟದೆ ಎದ್ದೆ. ಅವರ ಕೋಣೆಯ ಹಿಂದೆಯೇ ಅವರದೊಂದು ಪ್ರತ್ಯೇಕ ಶೌಚಾಲಯ, ಒಳಗೆ ಗಟ್ಟಿ ಹಿತ್ತಾಳೆ ಚಿಲಕ. ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದೆ. ಎರಡನೇ ಸ್ಕ್ರೂ ಬಿಚ್ಚುವಷ್ಟರಲ್ಲಿ ಹಿಂದೆ ಚಪ್ಪಲಿ ಸದ್ದು.

“ಏಯ್, ಏನೋ ಅದು?”

“ಚಿಲಕ ಸಾರ್.”

“ಚಿಲಕ ಅಂತ ನನಗೂ ಕಾಣುತ್ತೆ! ಯಾಕೆ ಬಿಚ್ತಿದ್ದೀಯ?”

“ಆದೇಶ ಸಾರ್.”

“ಯಾರ ಆದೇಶ?”

“ನಿಮ್ಮದೇ. ಓದಿ ತಿಳ್ಕೊಂಡಿದ್ದೀರಲ್ಲ.”

ನಾನು ಚಾಚಿದ ಕಾಗದ ಕಿತ್ತುಕೊಂಡು ಕೋಣೆಗೆ ನಡೆದರು, ನಾನೂ ಹಿಂದೆಯೇ. ಮೇಜಿನ ಡ್ರಾಯರು ತಡಕಾಡಿ ಕನ್ನಡಕ ತೆಗೆದರು. ಅವರಿಗೆ ಕನ್ನಡಕ ಇದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಊದಿದರೆ ಧೂಳು ಹಾರಿತು. ಓದುತ್ತಾ ಓದುತ್ತಾ ಕಿವಿ ಕೆಂಪಗಾಯಿತು.

“ನಿಮ್ಮ ಸಾಹೇಬ್ರಿಗೆ ಈಗಲೇ ಫೋನ್ ಮಾಡ್ತೀನಿ. ನಾಳೆಯಿಂದ ನಿನಗೆ ಆ ಚೀಲ ಇರಲ್ಲ, ತಿಳ್ಕೋ!”

“ಮಾಡಿ ಸಾರ್. ಹಾಗೇ ಹದಿನೇಳನೇ ನಂಬರ್ ಏನಾಯ್ತು ಅಂತ ಅವರು ಕೇಳಿದ್ರೆ ಏನು ಹೇಳ್ತೀರ, ಅದನ್ನೂ ಯೋಚನೆ ಮಾಡ್ಕೊಳ್ಳಿ.”

ಫೋನ್ ಬಿಟ್ಟು ಫೈಲಿಗೆ ಕೈ ಹಾಕಿದರು. ಹದಿನೇಳು ಸಿಕ್ಕಿತು, ಅದರ ಜ್ಞಾಪನಗಳೂ ಸಿಕ್ಕಿದವು. ಹುಡುಕುವಾಗ ಇನ್ನೊಂದು ಕಾಗದ ಜಾರಿ ಬಿತ್ತು. ‘ಸುತ್ತೋಲೆಗಳನ್ನು ಓದಿ ಜಾರಿಗೆ ತರುವ ಕುರಿತು ಮುಖ್ಯೋಪಾಧ್ಯಾಯರಿಗೆ ಒಂದು ದಿನದ ತರಬೇತಿ.’ ಎರಡು ತಿಂಗಳು ಹಳೆಯದು. ಕೆಳಗೆ ಮೊಹರು.

“ಇದಕ್ಕೆ ನಾನು ಹೋಗಿದ್ನಾ?” ಮೆಲ್ಲಗೆ ಕೇಳಿದರು.

“ಇಲ್ಲ ಸಾರ್. ಹನ್ನೊಂದು ಜನದಲ್ಲಿ ಒಬ್ಬರೂ ಹೋಗಿರಲಿಲ್ಲ. ಪಾಠ ಮಾಡಬೇಕಾಗಿದ್ದವರಿಗೂ ನಾನೇ ಕಾಗದ ಕೊಟ್ಟಿದ್ದೆ. ಅವರೂ ಬರಲಿಲ್ಲ.”

ಮೇಷ್ಟ್ರಿಗೆ ನಗು ಬಂತು. ತಡೆದುಕೊಳ್ಳಲು ನೋಡಿದರು, ಮೂಗಿನಿಂದ ಹೊರಬಿತ್ತು. ಅದೇ ಹೊತ್ತಿಗೆ ನಾನು ಗುಂಡುಸೂಜಿಯ ಅರ್ಜಿ ತೆಗೆದು ಮೇಜಿನ ಮೇಲೆ ಇಟ್ಟೆ.

ಅವರ ಕೈ ತಂತಾನೇ ಮೊಹರಿಗೆ ಹೋಯಿತು. ಮೊಹರು ಇಂಕ್ ಪ್ಯಾಡಿಗೂ ಬಿತ್ತು, ಮೇಲೆಯೂ ಎದ್ದಿತು, ಗಾಳಿಯಲ್ಲೇ ನಿಂತಿತು. ಮೇಷ್ಟ್ರು ಅದನ್ನು ಪಕ್ಕಕ್ಕಿಟ್ಟು ಕಾಗದವನ್ನು ಕಣ್ಣಿನ ಹತ್ತಿರ ತಂದರು. ಎರಡು ಸಲ ಓದಿದರು. ತಲೆ ಎತ್ತಿದರು.

“ಯಾಕಂತೋ?”

ಒಂಬತ್ತು ವರ್ಷ ತಡ. ಆದರೂ ಬಂತು. ಕೈಲಿದ್ದ ಸ್ಕ್ರೂ ಡ್ರೈವರನ್ನು ಮೇಜಿನ ಮೇಲೆ ಕುಕ್ಕಿದೆ. ಸಿಟ್ಟಿಗೆ ಅಂತಲೇ ಇಟ್ಟುಕೊಳ್ಳಿ. ಬಾಗಿಲು, ಗೆಳತಿ, ತಳ್ಳಿದ ಹುಡುಗರು, ಕುಡಿಯದ ನೀರು, ಎಲ್ಲ ಹೇಳಿದೆ. ಮೇಷ್ಟ್ರು ಅರ್ಜಿಯ ಕೆಳಗೆ ಪೆನ್ನಿನಲ್ಲಿ, ದುಂಡಗೆ, ‘ಒಪ್ಪಿಗೆ ಇಲ್ಲ’ ಅಂತ ಬರೆದು ಪೂರ್ತಿ ಹೆಸರಿನ ಸಹಿ ಹಾಕಿದರು.

“ಇನ್ನೂ ಎರಡು ಸ್ಕ್ರೂ ಇದೆಯಲ್ಲೋ. ಅರ್ಧ ಬಿಚ್ಚಿ ನಿಂತಿದ್ದೀಯಲ್ಲ?” ಅಂದರು.

ಹುಡುಗಿಯರ ಶೌಚಾಲಯದ ಬಾಗಿಲು ಸಡಿಲ, ನಿಲ್ಲದೆ ಓಲಾಡುತ್ತಿತ್ತು. ಚಿಲಕ ಕೂರಿಸುವಾಗ ಯಾರಾದರೂ ಗಟ್ಟಿಯಾಗಿ ಹಿಡಿಯಬೇಕು. ಮೇಷ್ಟ್ರೇ ಎರಡೂ ಕೈಯಲ್ಲಿ ಹಿಡಿದು ನಿಂತರು. ಆರನೇ ಕ್ಲಾಸಿನ ಕಿಟಕಿಯ ತುಂಬ ತಲೆಗಳು. ಅದರಲ್ಲೊಂದು ಸಣ್ಣಗೆ, ಚೂಪಾಗಿತ್ತು. ಬಾಗಿಲು ಹಿಡಿದವರನ್ನು ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿತ್ತು.

ಸೋಮವಾರ ಅವಳು ಶಾಲೆಗೆ ಹೋದಳು. ಮೇಷ್ಟ್ರ ಬಾಗಿಲಿಗೆ ಹೊಸ ಚಿಲಕ ಬಂದದ್ದು ಬುಧವಾರ. ಅಲ್ಲಿಯವರೆಗೆ ಅವರು ಒಳಗೆ ಹೋದಾಗಲೆಲ್ಲ ಹಾಡು ಗುನುಗುತ್ತಿದ್ದರಂತೆ, ಯಾರೂ ಬಾಗಿಲು ತಳ್ಳದಿರಲಿ ಅಂತ. ಈಗ ಕನ್ನಡಕ ಹಾಕಿಕೊಂಡು ಪ್ರತಿ ಸುತ್ತೋಲೆಯನ್ನೂ ಗಟ್ಟಿಯಾಗಿ ಓದುತ್ತಾರೆ. “ಇದರ ಅರ್ಥ ಏನಪ್ಪಾ?” ಅಂತ ನನ್ನನ್ನೇ ಕೇಳುತ್ತಾರೆ. ಒಂದು ಗಂಟೆ, ಎರಡು ಟೀ. ಉಳಿದ ಹತ್ತು ಶಾಲೆಗೆ ತಡವಾಗಿ ಹೋಗಿ ನಾನು ಬೈಸಿಕೊಳ್ಳುತ್ತೇನೆ. ಮೈ ಉರಿಯುತ್ತದೆ.

ಆ ಸೋಮವಾರ ಸಂಜೆ ಅಕ್ಕ ಬಾಟಲಿಯನ್ನು ಗಿಡದ ಮೇಲೆ ಬಗ್ಗಿಸಿದಳು. ಒಂದು ಹನಿ ಬೀಳಲಿಲ್ಲ. ಅಲ್ಲಾಡಿಸಿದಳು, ಒಳಗೆ ಇಣುಕಿದಳು.

“ಏನೇ ಇದು, ನೀರೆಲ್ಲ ಎಲ್ಲಿ ಚೆಲ್ಲಿಕೊಂಡು ಬಂದೆ? ಗಿಡಕ್ಕೆ ಏನು ಹಾಕಲಿ ಈಗ?”

ಗುಂಡುಸೂಜಿ ಪುಸ್ತಕದಿಂದ ತಲೆಯನ್ನೇ ಎತ್ತಲಿಲ್ಲ.

“ಮಾವನ್ನ ಕೇಳಮ್ಮ. ಚೀಲದಲ್ಲಿ ತಂದುಕೊಡ್ತಾನೆ.”